ಪುಕ್ಕಟೆ ರಿಪೇರಿ ಮಾಡಿದ ಕಂಪ್ಯೂಟರು

ಸಿಂದಗಿಯ ಹೈಸ್ಕೂಲೊಂದರಲ್ಲಿ ನಾನು ಕಂಪ್ಯೂಟರ್ ಕಲಿಸುತ್ತೇನೆ. ಸಂಜೆ ಗುರುತಿನವರ ಮನೆಗೆ ಹೋಗಿ ಕೆಟ್ಟ ಕಂಪ್ಯೂಟರುಗಳನ್ನು ಸರಿಮಾಡಿ ಕೊಡುತ್ತಿದ್ದೆ. ಮೋರಟಗಿಗೆ, ಇಂಡಿಗೆ, ಒಮ್ಮೊಮ್ಮೆ ಝಳಕಿಯ ತನಕವೂ ಬೈಕಿನಲ್ಲಿ ಹೋದದ್ದುಂಟು. ಯಾರ ಕಡೆಯಿಂದಲೂ ಒಂದು ರೂಪಾಯಿ ಮುಟ್ಟಿದವನಲ್ಲ.

"ಗುರುತಿನವರ ಕಡೆ ರೊಕ್ಕಾ ಇಸಗೊಂಡ್ರ ನಾಳೆ ಅವರ ಮುಖಾ ಹ್ಯಾಂಗ ನೋಡೋದು?" ಎಂದು ಹೆಂಡತಿಗೆ ಹೇಳುತ್ತಿದ್ದೆ. ಹಾಗೆ ಹೇಳುವಾಗ ಒಳಗೊಳಗೇ ಬೀಗುತ್ತಿದ್ದೆ ಎಂಬುದನ್ನು ಈಗ ಒಪ್ಪಿಕೊಳ್ಳಬೇಕು.

ನಮ್ಮ ಓಣಿಯ ಕೊನೆಯ ಮನೆಯಲ್ಲಿ ಒಬ್ಬ ಹೆಣ್ಣುಮಗಳು ಇದ್ದಾರೆ. ನನಗಿಂತ ಹತ್ತು ವರ್ಷ ಹಿರಿಯರು. ತವರು ಮುದ್ದೇಬಿಹಾಳದ ಕಡೆಯ ತಂಗಡಗಿ. ಸೀರೆಗಳಿಗೆ ಕಸೂತಿ ಹಾಕಿಕೊಟ್ಟು ಜೀವನ ನಡೆಸುತ್ತಾರೆ. ಅವರ ತಾಯಿ ಕೈಯಿಂದ ಹಾಕುತ್ತಿದ್ದ ಗೋಪುರ, ಆನೆ, ನವಿಲು, ತುಳಸಿ ಕಟ್ಟೆಗಳನ್ನೆಲ್ಲ ಇವರು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಬಿಡಿಸಿ ಇಟ್ಟುಕೊಂಡಿದ್ದರು. ಗಿರಾಕಿ ಬಂದರೆ ಪರದೆಯ ಮೇಲೆ ತೋರಿಸಿ, ಆರಿಸಿದ್ದನ್ನು ಪ್ರಿಂಟು ತೆಗೆದು, ಅದನ್ನು ನೋಡಿ ಎಳೆ ಎಣಿಸಿ ಹಾಕುತ್ತಿದ್ದರು.

ಆ ಕಂಪ್ಯೂಟರನ್ನು ನಾನು ಮೂರು ಸಲ ಸರಿಮಾಡಿದ್ದೆ. ಎರಡನೇ ಸಲ ಅವರು ಡಬ್ಬಿಯ ತುಂಬ ಶೇಂಗಾ ಹೋಳಿಗೆ ಕೊಟ್ಟು ಕಳಿಸಿದರು. ಮೂರನೇ ಸಲ ಒಂದು ಲಕೋಟೆ ಮುಂದೆ ಹಿಡಿದರು. ನಾನು ಎರಡು ಹೆಜ್ಜೆ ಹಿಂದೆ ಸರಿದು ನಕ್ಕೆ.

"ಏನ್ರಿ ಅಕ್ಕಾರ, ನನ್ನ ಹೊರಗಿನವನ್ನ ಮಾಡಿದ್ರಲ್ಲ!"

ಅವರು ನಗಲಿಲ್ಲ. ಲಕೋಟೆಯನ್ನು ಸೆರಗಿನೊಳಗೆ ಇಟ್ಟುಕೊಂಡರು. ಆಮೇಲೆ ಅವರು ನನ್ನನ್ನು ಕರೆಯಲೇ ಇಲ್ಲ. ಕಂಪ್ಯೂಟರು ಚೆನ್ನಾಗಿ ನಡೆದಿದೆ ಎಂದುಕೊಂಡೆ.

ಹೋದ ವರ್ಷ ಹೆಂಡತಿಯ ಸೀರೆ ತರಲು ಅವರ ಮನೆಗೆ ಹೋದೆ. ಕಂಪ್ಯೂಟರಿನ ಮೇಲೆ ಹಳೆಯ ದುಪ್ಪಟ್ಟಾ ಮುಚ್ಚಿತ್ತು. ಅವರು ನೆಲದ ಮೇಲೆ ಕೂತು, ಲೆಕ್ಕದ ನೋಟ್‌ಬುಕ್ಕಿನ ಚೌಕಗಳಲ್ಲಿ ಪೆನ್ಸಿಲಿನಿಂದ ಗೋಪುರ ಬಿಡಿಸುತ್ತಿದ್ದರು. ನೋಡಿಕೊಳ್ಳಲು ಪಕ್ಕದಲ್ಲಿ ಅವರ ತಾಯಿ ಕಸೂತಿ ಹಾಕಿದ್ದ ಒಂದು ಹರಕು ಸೀರೆ.

"ಯಾಕ್ರಿ ಅಕ್ಕಾರ, ಕಂಪ್ಯೂಟರ್ ಕೆಟ್ಟೈತೇನು?"

"ಛಲೋ ಅದರಿ. ಖಾಲಿ ಅದ," ಎಂದರು.

ಅದಕ್ಕೂ ಎರಡು ತಿಂಗಳ ಮೊದಲು ಅದು ಚಾಲೂ ಆಗದೆ ನಿಂತಾಗ, ಪರಿಚಯದವರ ಗಾಡಿಯಲ್ಲಿ ಬೇರೆ ಊರಿನ ಅಂಗಡಿಗೆ ಕಳಿಸಿದ್ದರಂತೆ. ಅಲ್ಲಿಯವರು ಎಲ್ಲವನ್ನೂ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿ ಕೊಟ್ಟಿದ್ದರು. ಮನೆಗೆ ತಂದು ನೋಡಿದರೆ ಒಂದು ಆನೆಯೂ ಇರಲಿಲ್ಲ, ಒಂದು ನವಿಲೂ ಇರಲಿಲ್ಲ.

ನನಗೆ ಸಿಟ್ಟೇ ಬಂತು. "ನಾ ಇಲ್ಲೇ ನಾಕು ಮನಿ ಆಚೆ ಇದ್ದೇನಲ್ರಿ! ನನಗ್ಯಾಕ ಹೇಳಲಿಲ್ಲ?"

ಅವರು ಪೆನ್ಸಿಲು ಕೆಳಗಿಟ್ಟರು. "ಹ್ಯಾಂಗ ಹೇಳ್ಲಿರಿ ಸರ? ಮೂರು ಸಲ ಪುಕ್ಕಟೆ ಮಾಡಿಕೊಟ್ರಿ. ಕೊಟ್ರ ತಗೊಳ್ಳಲಿಲ್ಲ. ನಾಕನೇ ಸಲ ಯಾವ ಮುಖಾ ಇಟಗೊಂಡು ಕರೀಲಿ?"

ಅವರು ಇನ್ನೂ ಮುಗಿಸಿರಲಿಲ್ಲ.

"ಮೂರನೇ ಸಲ ಬಂದಾಗ ಒಂದ ಮಾತು ಕೇಳಬೇಕಂತ ಮಾಡಿದ್ದೆ. ಇವನ್ನೆಲ್ಲ ಇನ್ನೊಂದು ಕಡೆ ತಗದು ಇಡಲಿಕ್ಕೆ ಬರ್ತದೇನು ಅಂತ. ಅಷ್ಟರಾಗ ನೀವು ಗಡಿಯಾರ ನೋಡಿದ್ರಿ. ರೊಕ್ಕಾ ಕೊಡೋಳಾಗಿದ್ರ ಕೇಳ್ತಿದ್ದೆ. ಪುಕ್ಕಟೆ ಮಾಡೋರಿಗೆ ಇದನ್ನೂ ಮಾಡ್ರಿ ಅಂತ ಹ್ಯಾಂಗ ಅನ್ನೋದು?"

ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ಅಂದು ಗಡಿಯಾರ ನೋಡಿದ್ದು ನಿಜ. ಇನ್ನೊಂದು ಮನೆಗೆ ಹೋಗುವುದಿತ್ತು. ಫೈಲುಗಳ ಕಾಪಿ ಪೆನ್‌ಡ್ರೈವಿಗೆ ತೆಗೆಯಲು ಹತ್ತು ನಿಮಿಷ ಸಾಕಿತ್ತು. ಶಾಲೆಯಲ್ಲಿ ಮಕ್ಕಳಿಗೆ ವರ್ಷವಿಡೀ ಅದನ್ನೇ ಹೇಳುತ್ತೇನೆ. ಇಲ್ಲಿ ಮಾತ್ರ, ಹೇಗೂ ಪುಕ್ಕಟೆ ತಾನೆ ಎಂದು ಕೆಲಸವನ್ನು ಅರ್ಧಕ್ಕೇ ಬಿಟ್ಟು ಎದ್ದಿದ್ದೆ. ಈ ಮಾತು ಅದುವರೆಗೆ ನನ್ನ ತಲೆಯಲ್ಲಿ ಒಮ್ಮೆಯೂ ಸುಳಿದಿರಲಿಲ್ಲ.

ಹಾರ್ಡ್‌ಡಿಸ್ಕನ್ನು ಬಿಚ್ಚಿಕೊಂಡು ಮನೆಗೆ ತಂದೆ. ಅಳಿಸಿದ ಫೈಲುಗಳನ್ನು ಹುಡುಕುವ ಸಾಫ್ಟ್‌ವೇರು ಹಾಕಿ ಮೂರು ದಿನ ಓಡಿಸಿದೆ. ಅರ್ಧದಷ್ಟು ಚಿತ್ರಗಳು ಸಿಕ್ಕವು. ಉಳಿದವುಗಳ ಹೆಸರು ಮಾತ್ರ ಬಂದವು. ತೆರೆದರೆ ಏನೂ ಇಲ್ಲ. ಸಿಕ್ಕವನ್ನು ಎರಡು ಪೆನ್‌ಡ್ರೈವಿಗೆ ಹಾಕಿ ಒಯ್ದು ಕೊಟ್ಟೆ. ಅವರು ಒಂದೊಂದನ್ನೇ ತೆರೆದು ನೋಡಿದರು. ಕೊನೆಯವರೆಗೂ ತುಳಸಿ ಕಟ್ಟೆ ಕಾಣಲಿಲ್ಲ.

"ಅದು ಅವ್ವ ಬಾಯಿಲೆ ಎಳಿ ಹೇಳಿ ಬರೆಸಿದ್ದು. ಈಗ ಅವ್ವನೂ ಇಲ್ಲ, ಅದನ್ನ ಹಾಕಿದ ಸೀರಿನೂ ಇಲ್ಲ," ಎಂದರು.

ಆದರೂ ನಾನು ಹೇಳಿದೆ: "ಅಕ್ಕಾರ, ಇದರದು ಐನೂರು ರೂಪಾಯಿ ಆಗ್ತೈತಿ."

ಇಷ್ಟು ಹಾಳಾದ ಮೇಲೆ ಹಣ ಕೇಳುತ್ತಾನಲ್ಲ ಎಂದು ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದು ಒಳಗೆ ಹೋಗಿ ನೋಟು ತಂದು ನನ್ನ ಕೈಯಲ್ಲಿಟ್ಟರು. ನಾನು ತೆಗೆದುಕೊಂಡೆ. ಅದನ್ನು ಅಂಗಿಯ ಜೇಬಿಗೆ ಹಾಕುವ ತನಕ ಅವರು ನೋಡುತ್ತಲೇ ನಿಂತಿದ್ದರು. ಆಮೇಲೆ ಕುರ್ಚಿ ಎಳೆದು ಕೂತು, ನಾನು ಎಂದೂ ಕೇಳದ ಗಟ್ಟಿ ದನಿಯಲ್ಲಿ ಹೇಳಿದರು:

"ಹಂಗಾರ ಕೂಡ್ರಿ ಸರ. ಕಾಪಿ ತಗಿಯೋದು ಹ್ಯಾಂಗಂತ ನನಗ ಕಲಿಸಿ ಹೋಗ್ರಿ. ಅವಸರ ಮಾಡಬ್ಯಾಡ್ರಿ."