ಕೊನೆಯ ರೇಕು ಕೂರುವವರೆಗೆ

ಮತ್ತಿಕೆರೆಯಲ್ಲಿ ನಮಗೆ ಮೈಸೂರು ಶೈಲಿಯ ಚಿತ್ರ ಕಲಿಸುತ್ತಿದ್ದ ಟೀಚರಿಗೆ ಮನೆಯ ಮುಂದಿನ ಕೋಣೆಯೇ ಗ್ಯಾಲರಿ. ಚಿನ್ನದ ರೇಕು ಅಂಟಿಸುವ ದಿನ ಅಲ್ಲಿ ಫ್ಯಾನ್ ಆಫ್, ಕಿಟಕಿ ಬಂದ್. ಉಸಿರು ತಾಗಿದರೂ ಹಾರುವಷ್ಟು ತೆಳು ಅದು. ಕನ್ನಡಕದ ಮೇಲಿಂದ ನೋಡುತ್ತಾ, "ಉಸಿರು ಆಮೇಲೆ ಬಿಡ್ರಪ್ಪಾ, ಎಲ್ಲೂ ಓಡ್ಹೋಗಲ್ಲ" ಎನ್ನುತ್ತಿದ್ದರು.

ನಾನು ಚಿತ್ರ ಕಲಿತದ್ದು ಅಷ್ಟಕ್ಕಷ್ಟೇ. ನಾನು ಬರೆದ ಲಕ್ಷ್ಮಿಯನ್ನು ನೋಡಿ ಅಮ್ಮ, "ಗಣಪತಿ ಚೆನ್ನಾಗ್ ಬಂದಿದಾನೆ ಕಣೋ" ಎಂದಿದ್ದಳು. ಚೆನ್ನಾಗಿ ಕಲಿತದ್ದು ಟೀಚರ ಧ್ವನಿಯನ್ನು.

ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ ಸರಸ್ವತಿಯ ಕಿರೀಟಕ್ಕೆ ಉಳಿದಿದ್ದದ್ದು ಒಂದೇ ರೇಕು. ಅದನ್ನು ಅವರು ಕುಂಚದ ತುದಿಯಲ್ಲಿ ಎತ್ತಿದ್ದೇ ತಡ, ನಾನು ಪಕ್ಕದವನ ಕಿವಿಯಲ್ಲಿ, ಅವರದೇ ಗಂಟಲಲ್ಲಿ, "ಉಸಿರು ಆಮೇಲೆ ಬಿಡಪ್ಪಾ" ಎಂದುಬಿಟ್ಟೆ. ಫ್ಯಾನ್ ಸದ್ದೂ ಇಲ್ಲದ ಕಾರಣ ಅದು ಎಲ್ಲರಿಗೂ ಕೇಳಿಸಿ, ಇಡೀ ಕೋಣೆ ಕಿಸಕ್ಕೆಂದಿತು. ರೇಕು ನಡುಗಿತು.

ಟೀಚರು ಅಲುಗಲಿಲ್ಲ. ಮುಖ ಕೆಂಪಾಗಿ ಕಣ್ಣಲ್ಲಿ ನೀರು ತುಂಬಿತ್ತು. ಕೈ ಮಾತ್ರ ಕಲ್ಲು. ರೇಕಿನ ನಡುಕ ನಿಲ್ಲುವವರೆಗೆ ಕಾದು, ಅದನ್ನು ಕಿರೀಟದ ಮೇಲೆ ಮಲಗಿಸಿ, ಹತ್ತಿಯಿಂದ ಒತ್ತಿ, ಕುಂಚವನ್ನು ಲೋಟದಲ್ಲಿಟ್ಟು, ಎದ್ದು ಅಡುಗೆಮನೆಗೆ ಹೋದರು. ನನಗೆ ಬಾರಿಸಲು ಸೌಟು ತರಹೋದರೆಂದುಕೊಂಡೆ. ಒಳಗಿಂದ ಪಾತ್ರೆ ಅದುರುವಂಥ ನಗು ಕೇಳಿಸಿತು.

"ಅಯ್ಯೋ ಪಾಪಿ, ತಡ್ಕೊಂಡು ತಡ್ಕೊಂಡು ಹೊಟ್ಟೆ ನೋಯ್ತಿದೆ ಕಣೋ! ಇನ್ನೊಂದ್ಸಲ ಹೇಳು, ಈಗ ಹೇಳು!"

ಬಾಯಿ ತೆರೆದೆ. ಧ್ವನಿ ಹೊರಡಲಿಲ್ಲ. ನೋಡಿದರೆ, ನಾನಿನ್ನೂ ಉಸಿರು ಬಿಟ್ಟಿರಲಿಲ್ಲ.