ನೂರ್‌ಜಹಾನ್ ಟೀಚರ ಜರ್ಮನ್ ವಿಮಾನ

ಮುಂದೆ ಎಂಥ ದೊಡ್ಡ ಮನುಷ್ಯರೇ ನಿಂತಿರಲಿ, ನೂರ್‌ಜಹಾನ್ ಟೀಚರು ಮಾತು ಶುರುಮಾಡುವ ಮೊದಲು ಚಪ್ಪಾಳೆ ತಟ್ಟುತ್ತಿದ್ದರು. ವಿಜಯಪುರದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾಗಿ, ಅಮೆರಿಕದ ಮಾರ್ಗನ್ ಹಿಲ್ ಎಂಬ ಊರಿನ ಮಗಳ ಮನೆಗೆ ಬಂದವರು. ಮೊಮ್ಮಕ್ಕಳು ಇವರ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಓಡಿಹೋಗುತ್ತಿದ್ದರು. ಊರಾಚೆಯ ಸಣ್ಣ ವಿಮಾನ ಮ್ಯೂಸಿಯಮ್ಮಿನಲ್ಲಿ ಶನಿವಾರ ಶನಿವಾರ ಸಂಬಳವಿಲ್ಲದ ಗೈಡ್ ಕೆಲಸ ಸಿಕ್ಕಾಗ ಅವರಿಗಾದ ಖುಷಿ ಹೇಳತೀರದು. "ಬೇಟಾ, ಈ ದೇಶದಾಗ ನನ್ನ ಮಾತು ಕೇಳೋ ಜಾಗಾ ಅದೊಂದ ನೋಡು" ಎನ್ನುತ್ತಿದ್ದರು. ಮ್ಯೂಸಿಯಮ್ಮಿನಲ್ಲೇ ಅವರ ಪರಿಚಯವಾದ ನಾನು, ಹತ್ತಿರದ ಕ್ಯಾಂಪ್‌ಬೆಲ್ ಊರಿನಿಂದ ಫ್ರೀವೇ ಹಿಡಿದು ಅವರನ್ನು ಕೇಳಲೆಂದೇ ಹೋಗುತ್ತಿದ್ದೆ.

ಅವರ ಪಾಲಿಗೆ ಬಂದದ್ದು ಎರಡನೇ ಮಹಾಯುದ್ಧದ ಕಾಲದ ಒಂದು ಜರ್ಮನ್ ಫೈಟರ್ ವಿಮಾನ. ಅದರ ಪೈಲಟ್ ಕೆಡವಿದ ಒಂದೊಂದು ವಿಮಾನಕ್ಕೂ ಬಾಲದ ಮೇಲೆ ಒಂದೊಂದು ಬಿಳಿ ಗೆರೆ. ಟೀಚರು ಅವನ ಸಾಹಸವನ್ನು ಒಂದಿಷ್ಟೂ ಕಡಿಮೆ ಮಾಡಿ ಹೇಳುತ್ತಿರಲಿಲ್ಲ. ಹುಡುಗನಿದ್ದಾಗ ಗ್ಲೈಡರ್ ಕಲಿತದ್ದು, ಮೊದಲು ಫ್ರಾನ್ಸಿನ ಮೇಲೆ, ಆಮೇಲೆ ರಷ್ಯದ ಮೇಲೆ ಕಾದಾಡಿದ್ದು, ಉರಿಯುವ ವಿಮಾನದಿಂದ ಜಿಗಿದು ಬದುಕಿ ಮತ್ತೆ ಹಾರಿದ್ದು, ಎಲ್ಲವನ್ನೂ ಅಂಗೈಯನ್ನೇ ವಿಮಾನ ಮಾಡಿ ತೋರಿಸುತ್ತಿದ್ದರು. ಅಲ್ಲಿಗೆ ನಿಲ್ಲಿಸುತ್ತಿರಲಿಲ್ಲ. ಅವನು ಮೇಲಿನಿಂದ ಕಾವಲು ಕೊಟ್ಟ ಸೈನ್ಯದ ಬೆನ್ನಿಗೇ ಬಂದ ನಾಜಿ ಪಡೆಯವರು ಊರೂರಿನ ಯಹೂದಿಗಳನ್ನು ಸಾಲಾಗಿ ನಿಲ್ಲಿಸಿ ಕೊಂದರು ಎಂಬುದನ್ನೂ ಅದೇ ದನಿಯಲ್ಲಿ ಹೇಳುತ್ತಿದ್ದರು.

ವಿಮಾನ ದಾನ ಕೊಟ್ಟ ಸಾಹುಕಾರರು ಗೆಳೆಯರನ್ನು ಕರೆತರುವ ದಿನ ಬಂತು. ಮ್ಯಾನೇಜರು ಟೀಚರನ್ನು ಪಕ್ಕಕ್ಕೆ ಕರೆದು, ಇವತ್ತು ಹಾರಾಟದ ವಿಷಯ ಮಾತ್ರ ಸಾಕು ಎಂದ. ಟೀಚರು ಎಂದಿನಂತೆ ಚಪ್ಪಾಳೆ ತಟ್ಟಿ ಪೂರ್ತಿ ಹೇಳಿದರು. ದಾನಿಯ ಮುಖ ಕೆಂಪಗಾಯಿತು.

"ಅವನೊಬ್ಬ ಬರೀ ಸೈನಿಕ, ಮೇಡಮ್."

"ಹೌದ್ರಿ, ಸೈನಿಕನ. ಯಾರ ಸೈನಿಕ ಅಂತ ಕೇಳಬಾರದೇನ್ರಿ?" ಅಂದದ್ದು ಇಂಗ್ಲಿಷಿನಲ್ಲೇ, ಗತ್ತು ಮಾತ್ರ ವಿಜಯಪುರದ್ದು. ನನ್ನ ಕಿವಿಗೆ ಕನ್ನಡವಾಗಿಯೇ ಬಿತ್ತು.

ಸಂಜೆ ಮ್ಯೂಸಿಯಮ್ಮಿನವರು ಟೀಚರ ಗೈಡ್ ಬ್ಯಾಡ್ಜು ಕಿತ್ತುಕೊಂಡರು. ನನಗೋ ಮೈಯೆಲ್ಲ ಉರಿದುಹೋಯಿತು. ಕೆಲವು ದಿನ ಕಳೆದ ಮೇಲೆ ಮ್ಯಾನೇಜರೇ ಟೀಚರಿಗೆ ಫೋನ್ ಮಾಡಿದ. ಜನ ನಿಮ್ಮನ್ನು ಕೇಳುತ್ತಿದ್ದಾರೆ, ಹಾರಾಟದ ಭಾಗವಷ್ಟೇ ಹೇಳುವುದಾದರೆ ವಾಪಸ್ ಬನ್ನಿ ಎಂದ. ನಾನು ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದೆ.

"ಒಪ್ಕೊಂಡ್‌ಬಿಡಿ ಟೀಚರ್, ಶನಿವಾರ ಆದ್ರೂ ಉಳಿಯತ್ತೆ" ಎಂದು ಪಿಸುಗುಟ್ಟಿದೆ.

ಕಾಪಿ ಹೊಡೆಯುವಾಗ ಸಿಕ್ಕಿಬಿದ್ದ ಹುಡುಗಿಯನ್ನು ನೋಡುವಂತೆ ನನ್ನನ್ನು ನೋಡಿದರು. ಫೋನಿಗೆ "ನೋ, ಥ್ಯಾಂಕ್ಯೂ" ಎಂದು ಕೆಳಗಿಟ್ಟರು. "ಅರ್ಧಾ ಹೇಳಾಕ ನಾ ಯಾಕ ಬೇಕವಾ?"

ಮುಂದಿನ ಶನಿವಾರ ಟಿಕೆಟ್ ಕೊಂಡು ಒಳಗೆ ಹೋದರು. ನೀವೀಗ ಗೈಡ್ ಅಲ್ಲ ಎಂದು ಮ್ಯಾನೇಜರು ಅಡ್ಡ ಬಂದ. "ಹೌದಪಾ, ನೋಡಾಕ ಬಂದೀನಿ" ಎಂದು ವಿಮಾನದ ಸುತ್ತ ಕಟ್ಟಿದ ಹಗ್ಗದ ಈಚೆ, ನೋಡುಗರ ನಡುವೆ ನಿಂತರು. ಯಾರೋ ಏನೋ ಕೇಳಿದರು. ಟೀಚರು ಹೇಳಿದರು. ಹಾಗೆಯೇ ಎಷ್ಟೋ ಶನಿವಾರ ನಡೆಯಿತು.

ಈ ಚಳಿಗಾಲದಲ್ಲಿ ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಟ್ಟರು. ಮಾತಾಡುತ್ತಲೇ ಇದ್ದವರು ಹೀಗೆ ಸುಮ್ಮನಾದದ್ದನ್ನು ನನಗೆ ಇನ್ನೂ ತಡೆದುಕೊಳ್ಳಲಾಗುತ್ತಿಲ್ಲ. ಈಗ ಶನಿವಾರ ನಾನು ಟಿಕೆಟ್ ಕೊಳ್ಳುತ್ತೇನೆ. ಅವರಷ್ಟು ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ, ನಡುವೆ ತೊದಲುತ್ತೇನೆ. ಆದರೂ ಪೂರ್ತಿ ಹೇಳುತ್ತೇನೆ. ಮ್ಯಾನೇಜರು ತಡೆಯಲಿ, ನೋಡೋಣ.