ಚೀನಿ ತಾಟಿನ ಸದ್ದು

ದೆವ್ವ ಕಂಡೆ, ಗಾಳಿ ಬಡಿಯಿತು ಎಂದು ಬಂದವರನ್ನು ನಾನು ಬೈದು ಕಳಿಸಿದವಳು. ಸತ್ತವರು ತಿರುಗಿ ಬರುವಂತಿದ್ದರೆ ನಮ್ಮ ಕೇರಿಯವರೇ ಊರೆಲ್ಲ ತುಂಬಿಕೊಂಡಿರುತ್ತಿದ್ದರು. ಈಗಲೂ ನಂಬಿಕೆ ಬಂದಿಲ್ಲ. ಆದರೆ ಕಿವಿಯಿಂದ ಕೇಳಿದ್ದನ್ನು ಇಲ್ಲ ಎನ್ನಲಾರೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳ ಬರಹ ಇದು, ತಪ್ಪಿದ್ದರೆ ಇರಲಿ.

ಮಾನ್ವಿಯಲ್ಲಿ ಮೊಮ್ಮಗಳ ಜೊತೆ ಇದ್ದೇನೆ. ಅವಳು ಟೀಚರ್. ಕೆಲವು ವರ್ಷದ ಹಿಂದೆ ರಾಯಚೂರಿನ ಒಬ್ಬ ಡಾಕ್ಟರ ಫೋನ್ ಮಾಡಿ, ಹಳೆಯದೊಂದು ಕೇಳುವುದಿದೆ ಎಂದು ನನ್ನನ್ನು ಕರೆತರಲು ಅವಳಿಗೆ ಹೇಳಿದ. ಅರಕೇರಾ ಹತ್ತಿರದ ನಮ್ಮ ಹಳ್ಳಿಯ ಗೌಡರ ಮೊಮ್ಮಗ ಆತ. ಹಳೆಯ ಇಂಗ್ಲಿಷ್ ತಾಟು, ಹೂಜಿ ಕೂಡಿಸುವ ಹುಚ್ಚು ಅವನಿಗೆ.

ಹೋದೆವು. ಅವನ ಮನೆಯ ಮೂರನೇ ಅಂತಸ್ತಿನ ಒಂದು ಕೋಣೆ ಪೂರ್ತಿ ಗಾಜಿನ ಕಪಾಟು. ಬಿಳಿ ಮೆರುಗಿನ ಮೇಲೆ ನೀಲಿ ಚಿತ್ರಗಳು: ಛತ್ರಿ ಹಿಡಿದ ಚೀನಾದವರು, ಸೇತುವೆ, ಬಾಗಿದ ಗಿಡ. ಇಂಗ್ಲೆಂಡಿನ ಕುಂಬಾರರು ತಮ್ಮ ಒರಟು ಮಣ್ಣಿಗೆ ತವರ ಬೆರೆಸಿದ ಮೆರುಗು ಬಳಿದು, ಕಣ್ಣಿಂದ ಕಾಣದ ಚೀನಾವನ್ನು ಬರೆದರಂತೆ. ಆತನೇ ತಿಳಿಸಿ ಹೇಳಿದ.

ನಡುವೆ ಒರಗಿಸಿಟ್ಟ ತಾಟು ನೋಡಿ ನಾನು ನಿಂತುಬಿಟ್ಟೆ. ಅಂಚಿನಲ್ಲಿ ಉಗುರಿನಷ್ಟು ಚಕ್ಕೆ ಹಾರಿತ್ತು.

“ಇದು ನಮ್ಮ ಮನಿದ ನೋಡ್ರಿ ಯವ್ವಾ. ಹಬ್ಬಕ್ಕ ನಮ್ಮ ಮುತ್ಯಾ ಇದರಾಗ ಉಣ್ಣತಿದ್ರಂತ. ನೀವು ಕಂಡದ್ದು ಹೇಳ್ರಿ, ಕೆಳಗ ಚೀಟಿ ಬರಸ್ತೀನಿ” ಎಂದ ಡಾಕ್ಟರ.

“ನಿಮ್ಮ ಮುತ್ಯಾ ಇದನ್ನ ಮುಟ್ಟತಿದ್ದಿಲ್ಲಪಾ. ಇದು ನಮ್ಮವ್ವನ ತಾಟು.”

“ಯವ್ವಾ, ಸುಮ್ನಿರು” ಎಂದು ಮೊಮ್ಮಗಳು ಸೆರಗು ಜಗ್ಗಿದಳು.

“ನೀ ಸುಮ್ನಿರು. ಕರಸಿದ್ದು ನನ್ನ, ನಿನ್ನಲ್ಲ.”

ಹೇಳಿಬಿಟ್ಟೆ. ಯಾವನೋ ಬಿಳಿ ಸಾಹೇಬ ಬಿಟ್ಟುಹೋದ ತಾಟು ಅದು. ದನ ತಿಂದವನ ಎಂಜಲೆಂದು ಗೌಡರು ಒಳಗಿಡದೆ ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿಟ್ಟರು. ಅಲ್ಲಿಟ್ಟದ್ದು ನಮಗೆ. ದುಡಿಯಲು ಹೋದ ಅವ್ವ ಹೊರಗೆ ಕೂತು ಅದರಲ್ಲಿ ಉಂಡು, ತಾನೇ ತೊಳೆದು ಬೋರಲು ಹಾಕಬೇಕು. ಗೂಡಿನಲ್ಲಿ ಚೇಳು ಇರುತ್ತವೆಂದು, ಎತ್ತುವ ಮೊದಲು ತಾಟಿನ ಬೆನ್ನಿಗೆ ಉಗುರಿನಿಂದ ಬಡಿಯುತ್ತಿದ್ದಳು. ಟಕ್ ಟಕ್, ತಡೆದು ಮತ್ತೊಂದು ಟಕ್. ಒಂದು ದಿನ ಗೌಡಶಾನಿ, “ಲಗು ಉಂಡು ಏಳಬೇ, ರಾಶಿ ಹಂಗ ಬಿದ್ದದ” ಎಂದು ಕೂಗಿದಳು. ಅವಸರಕ್ಕೆ ಅವ್ವ ಬಡಿಯಲಿಲ್ಲ. ಚೇಳು ಕಚ್ಚಿತು. ತಾಟು ಕೈಜಾರಿ ಚಕ್ಕೆ ಹಾರಿತು. ಹೊತ್ತು ಮುಳುಗುವುದರೊಳಗೆ ಅವ್ವ ಹೋದಳು. ಮಣ್ಣು ಮಾಡಿದ ಮೇಲೆ ನಾನು ಆ ಮನೆಗೆ ದುಡಿಯಲು ಹೋದೆ. ಅದೇ ತಾಟಿನಲ್ಲಿ ನನಗೆ ನುಚ್ಚು ನೀಡಿದರು.

ಡಾಕ್ಟರನ ಮುಖ ಸಣ್ಣದಾಯಿತು. “ಹಂಗೆಲ್ಲಾ ಬರಸಾಕ ಬರಂಗಿಲ್ಲ ಯವ್ವಾ. ಬೇಕಂದ್ರ ಒಮ್ಮೆ ಕೈಯಾಗ ಹಿಡದು ನೋಡ್ರಿ” ಎಂದು ಕಪಾಟಿನ ಬೀಗ ತೆಗೆದ. ಆತನೂ ಕೈ ಚಾಚಿದ, ನಾನೂ ಚಾಚಿದೆ.

ಆಗ ಕೇಳಿಸಿತು. ಟಕ್ ಟಕ್. ತಡೆದು, ಟಕ್.

ನಡು ಮಧ್ಯಾಹ್ನ. ಕರೆಂಟು ಹೋಗಿ ಫ್ಯಾನೂ ನಿಂತಿತ್ತು. ಮೂವರೂ ಕೇಳಿದೆವು. “ಕೈ ತಗೀ!” ಎಂದು ಚೀರಿ ಆತನ ಕೈ ತಳ್ಳಿದೆ. ಮೊಮ್ಮಗಳು ತನ್ನ ಕೊಡೆಯ ತುದಿಯಿಂದ ತಾಟು ಸರಿಸಿದಳು. ಹಿಂದೆ ಕೆಂಪು ಚೇಳು ಬಾಲ ಎತ್ತಿ ನಿಂತಿತ್ತು.

ಬೀಗ ಹಾಕಿದ ಗಾಜಿನೊಳಗೆ ಅದು ಹೇಗೆ ಬಂತೋ ಗೊತ್ತಿಲ್ಲ. ಅದೇ ಬಾಲ ಬಡಿದಿರಬೇಕು ಎಂದ ಡಾಕ್ಟರ. ಇರಬಹುದು. ಆದರೆ ನಡುವೆ ತಡೆದು ಬಡಿಯುವುದನ್ನು ಚೇಳಿಗೆ ಯಾರು ಕಲಿಸಿದರು?

ತಾಟು ಅಲ್ಲೇ ಇದೆ. ಕೆಳಗಿನ ಚೀಟಿಯಲ್ಲಿ ‘ಗೌಡರ ಮನೆತನದ ಹಬ್ಬದ ತಾಟು’ ಎಂದೇ ಬರೆದಿದೆಯಂತೆ. ಮೊಮ್ಮಗಳು ನೋಡಿ ಬಂದಳು. ಅದಕ್ಕೆ ನನಗೇನೂ ಆಶ್ಚರ್ಯವಿಲ್ಲ. ಕಾಡುವುದು ಬೇರೆ: ಅವತ್ತು ಕಪಾಟಿನೊಳಗೆ ಎರಡು ಕೈ ಹೋಗಿದ್ದವು, ಒಂದು ನನ್ನದು, ಒಂದು ಗೌಡರ ಮೊಮ್ಮಗನದು. ಅವ್ವ ಬಡಿದದ್ದು ಮಗಳ ಕೈ ಉಳಿಸಲೋ, ಸತ್ತ ಮೇಲೂ ಆ ಮನೆಯ ಚಾಕರಿ ಬಿಟ್ಟಿಲ್ಲವೋ, ನನಗೆ ಇವತ್ತಿಗೂ ತಿಳಿದಿಲ್ಲ.